ಟಾಪ್ ಮಾಡೆಲ್ ಕಾಕಾ

ನವಲಗುಂದ, ಅಣ್ಣಿಗೇರಿ ಕಡೆಯ ಯಾವ ಊರಿಗೇ ಹೋಗಿ, ಬಸ್‌ಸ್ಟ್ಯಾಂಡಿನ ಮಗ್ಗುಲಿನ ಚಹಾದಂಗಡಿಯ ಬಾಕಿನ ಮೇಲೆ ಒಬ್ಬ ಹಿರಿಯರು ಕೂತಿರುತ್ತಾರೆ. ಇಸ್ತ್ರಿ ಮುರಿಯದ ಧೋತರ, ನೆಹರೂ ಶರ್ಟು, ಹೆಗಲ ಮೇಲೆ ಟವೆಲ್ಲು, ಬಗಲಲ್ಲಿ ಸುರುಳಿ ಸುತ್ತಿದ ಬಣ್ಣದ ಕಾಗದ. ಹೊಲದ ಉತಾರ ಇದ್ದೀತೆಂದು ಹತ್ತಿರ ಹೋದಿರೋ, ಕೆಟ್ಟಿರಿ. ಅದು ಕಾರಿನ ಬ್ರೋಷರು. ಅವರು ಕಾರು ತಗೊಳ್ಳುವವರು. ತಗೊಂಡವರು ಬೇರೆ ಪೈಕಿ. ಕಾರು ಹತ್ತಿ ಹೋಗಿಬಿಡುತ್ತಾರೆ, ಬಾಕಿನ ಮೇಲೆ ಸಿಗುವುದಿಲ್ಲ.

ನಮ್ಮೂರಿನಲ್ಲಿ ಈ ಗಿರಾಕಿಗೆ ಟಾಪ್ ಮಾಡೆಲ್ ಕಾಕಾ ಎಂದು ಹೆಸರು. ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರಿದೆ, ಅದನ್ನು ಬಳಸುವವನು ಪೋಸ್ಟ್‌ಮನ್ ಒಬ್ಬನೇ. ಔಷಧ ಹೊಡೆಯುವ ಪಂಪಿರಲಿ, ಮೊಬೈಲಿರಲಿ, ಸಂತೆಯ ಬದನೆಕಾಯಿಯೇ ಇರಲಿ, ಕಾಕಾರ ಮೊದಲ ಪ್ರಶ್ನೆ: "ಇದರಾಗ ಟಾಪ್ ಮಾಡೆಲ್ ಯಾವ್ದೋ?" ಮೊಮ್ಮಗಳಿಗೆ ಕಲಘಟಗಿ ತೊಟ್ಟಿಲು ಮಾಡಿಸಲು ಹೋದಾಗ ತೊಟ್ಟಿಲಿನವರು ಅರಗಿನ ಬಣ್ಣದಲ್ಲಿ ಕೃಷ್ಣನ ಕಥೆ ಬರೆಯಲೋ, ಶಿವಪಾರ್ವತಿಯರನ್ನು ಬರೆಯಲೋ ಎಂದು ಕೇಳಿದರಂತೆ. ಕಾಕಾ ಎರಡನ್ನೂ ಬರೆಸಿದರು. ಕೂಸು ಯಾವ ಕಡೆ ಹೊರಳಿದರೂ ದೇವರು.

ಬೆಣ್ಣಿಹಳ್ಳದ ಆಚೆ ಕಾಕಾರದು ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ಕಡಲೆ ಕೈಹಿಡಿದ ಒಂದು ವರ್ಷ ಟವೆಲ್ಲು ಕೊಡವಿ ಎದ್ದು, ನನ್ನನ್ನೂ ಎಬ್ಬಿಸಿಕೊಂಡು ಹುಬ್ಬಳ್ಳಿ ಗೋಕುಲ ರಸ್ತೆಗೆ ಹೊರಟರು. ಕಾರೆಂದರೆ ಕಂಪನಿ, ಬಣ್ಣ, ರೇಟು ಮೂರೇ ಎಂಬುದು ಅವರ ಲೆಕ್ಕ. ಶೋರೂಮಿನಲ್ಲಿ ಟೈ ಕಟ್ಟಿದ ಹುಡುಗ ಚಹಾ ಕೊಟ್ಟು, ಕೈಕಟ್ಟಿ ನಿಂತು ಕೇಳಿದ: "ಸರ್, ನಿಮಗ ಸ್ಪೋರ್ಟ್ ಪ್ಯಾಕೋ, ಲಕ್ಸುರಿ ಪ್ಯಾಕೋ?"

ಕಾಕಾ ಚಹಾ ಕೆಳಗಿಟ್ಟರು. ಇಬ್ಬರು ಹುಡುಗಿಯರ ಫೋಟೋ ಒಮ್ಮೆಗೇ ತೋರಿಸಿದಾಗ ಗಂಡಿನ ಅಪ್ಪನ ಮುಖ ಆಗುತ್ತದಲ್ಲ, ಹಾಗಾಗಿತ್ತು ಅವರ ಮುಖ.

ಅವರದು ತಪ್ಪಲ್ಲ. ಅವರು ಅಂಬಾಸಿಡರ್ ನೋಡಿ ಬೆಳೆದವರು. 1958ರಿಂದ 2014ರ ತನಕ ತಯಾರಾದ ಆ ಗಾಡಿಯಲ್ಲಿ ಬಹುಕಾಲ ಆಯ್ಕೆಯೆಂದರೆ ಗಾಡಿ ಸಿಗುತ್ತದೋ ಇಲ್ಲವೋ ಎಂಬುದಷ್ಟೇ. 1983ರಲ್ಲಿ ಮಾರುತಿ 800 ಬಂತು. ಏಸಿ ಬೇಕೋ ಬೇಡವೋ ಎಂಬ ಒಂದು ಪ್ರಶ್ನೆ ಸೇರಿತು. ಆಮೇಲೆ ಅಕ್ಷರಗಳು ಸುರುವಾದವು: ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ. ಹ್ಯುಂಡೈದವರು ಎಸ್‌ಎಕ್ಸ್ ಎಂದು ಬರೆದು ಮುಂದೆ ಕಂಸದೊಳಗೆ ಒಂದು ಓ ಕೂಡಿಸಿದರು. ಓ ಎಂದರೆ ಆಪ್ಷನಲ್. ಟಾಟಾದವರು ಅಕ್ಷರ ಬಿಟ್ಟು ಗುಣಕ್ಕೇ ಇಳಿದರು. ಅವರ ಹ್ಯಾರಿಯರ್‌ನಲ್ಲಿ ಸ್ಮಾರ್ಟ್, ಪ್ಯೂರ್, ಅಡ್ವೆಂಚರ್, ಫಿಯರ್‌ಲೆಸ್ ಎಂದು ಮೆಟ್ಟಿಲು. ಅಂದರೆ ಮೂಲ ಗಾಡಿ ಕೊಂಡವನು ಜಾಣ, ಇನ್ನಷ್ಟು ಸಾಲ ಮಾಡಿದವನು ಶುದ್ಧ, ಪೂರಾ ಮುಳುಗಿದವನು ನಿರ್ಭಯ. ಇದರಲ್ಲಿ ನನಗೆ ಸುಳ್ಳೇನೂ ಕಾಣುವುದಿಲ್ಲ.

2019ರ ಆಗಸ್ಟಿನಲ್ಲಿ ಕಿಯಾ ಸೆಲ್ಟೋಸ್ ಬಂದಾಗ ಒಂದೇ ಕಾರು ಎರಡು ಮನೆತನವಾಗಿ ಹಿಸೆಯಾಯಿತು. ಟೆಕ್ ಲೈನ್ ಕುಟುಂಬಸ್ಥರಿಗೆ, ಜಿಟಿ ಲೈನ್ ಓಡುವವರಿಗೆ. ಜಿಟಿಗೆ ಒಳಗೆಲ್ಲ ಕಪ್ಪು, ಮೇಲೆ ಕೆಂಪು ಹೊಲಿಗೆ, ಗಾಲಿಯ ಸಂದಿಯಲ್ಲಿ ಬ್ರೇಕಿನ ಕೆಂಪು ಕ್ಯಾಲಿಪರು. 2024ರ ಮಾರ್ಚಿನಲ್ಲಿ ಕ್ರೆಟಾಕ್ಕೂ ಎನ್ ಲೈನ್ ಎಂಬ ಓಟದ ಅವತಾರ ಆಯಿತು: 160 ಕುದುರೆ ಶಕ್ತಿ, 18 ಇಂಚಿನ ಗಾಲಿ, ಹಿಂದೆ ಎರಡು ಹೊಗೆ ಕೊಳವೆ. ಕಾಕಾರ ಬಗಲಿನ ಸುರುಳಿ ದಪ್ಪವಾಗುತ್ತ ಹೋಯಿತು.

ಪ್ಯಾಕು ಎಂಬ ಮಾತು ಅವರಿಗೆ ತಿಳಿಯಲು ಆರು ತಿಂಗಳು ಹಿಡಿಯಿತು. ಇಲ್ಲಿ ಬಿಡಿ ಮಾರಾಟ ಇಲ್ಲ. ಬೆನ್ನಿಗೆ ಗಾಳಿ ಊದುವ ಸೀಟೊಂದೇ ಸಾಕೆಂದರೆ ಆಗದು. ಅದರ ಹಿಂದೆ ಎಂಟು ಸ್ಪೀಕರು, ಬಾಗಿಲೊಳಗೆ ಬಣ್ಣ ಬದಲಿಸುವ ದೀಪ, ಆಕಾಶಕ್ಕೆ ತೆರೆಯುವ ಗಾಜು, ಎಲ್ಲ ಸಾಲುಗಟ್ಟಿ ಬರುತ್ತವೆ, ಒಬ್ಬರನ್ನು ಊಟಕ್ಕೆ ಕರೆದರೆ ಟ್ರ್ಯಾಕ್ಸ್ ತುಂಬ ಬಂದಿಳಿಯುವ ಬೀಗರ ಹಾಗೆ. ಎಲ್ಲದಕ್ಕೂ ತೆರಿಗೆ ಬೇರೆ. ಹತ್ತು ಲಕ್ಷ ದಾಟಿದ, ಇಪ್ಪತ್ತು ಲಕ್ಷ ಮೀರದ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆಯೇ ನೂರಕ್ಕೆ 17. "ಅಂದ್ರ ಕಿಡಕಿ ತಗದು ಚುಕ್ಕಿ ನೋಡಾಕೂ ಹದಿನೇಳ ಪರಸೆಂಟೇನೋ?" ಎಂದು ಕಾಕಾ ಹುಡುಗನನ್ನು ಕೇಳಿದರು. ಹುಡುಗ ಹೌದೆಂದ. ಸುಳ್ಳು ಹೇಳದ ಹುಡುಗ, ಮುಂದೆ ಆ ಕೆಲಸ ಬಿಟ್ಟನಂತೆ.

ಕಾಕಾ ಕೊನೆಗೆ ತಮಗೆ ಗೊತ್ತಿದ್ದ ವಿದ್ಯೆಗೇ ಮರಳಿದರು. ದನದ ಸಂತೆಯಲ್ಲಿ ಟವೆಲ್ಲಿನೊಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುವುದರಲ್ಲಿ ಅವರನ್ನು ಮೀರಿಸುವವರು ನಾಲ್ಕು ಊರಲ್ಲಿ ಇಲ್ಲ. ಶೋರೂಮಿನ ಕಾರನ್ನು ಅವರು ಎತ್ತಿನ ಹಾಗೆಯೇ ಸುತ್ತು ಹಾಕಿ ನೋಡಿದರು. ಮುಂದಿನ ಜಾಲರಿ ನೋಡಿ "ಹಲ್ಲು ಕೂಡ್ಯಾವ" ಎಂದರು. ಬಾನೆಟ್ಟಿನ ಮೇಲೆ ಕೈಯಾಡಿಸಿ ಸುಳಿ ಹುಡುಕಿದರು. ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಕೆಂಪು ಕ್ಯಾಲಿಪರನ್ನೇ ದಿಟ್ಟಿಸಿದರು.

"ತಿಳೀತು ನೋಡು," ಎಂದರು ನನಗೆ. "ಸ್ಪೋರ್ಟ್ ಅಂದ್ರ ಖಾಲಿ ಗಾಡಾ ಶರ್ಯತ್ತಿನ ಎತ್ತು. ವರ್ಷಾನಗಟ್ಲೆ ಹಾಲು, ತತ್ತಿ ತಿನ್ನಿಸಿ ಸಾಕೂದು, ಒಂದ ನಿಮಿಷ ಓಡಸೂದು. ಲಕ್ಸುರಿ ಅಂದ್ರ ಮಠದ ಬಸವಣ್ಣ. ಮೈಮ್ಯಾಲ ಝೂಲಾ, ಕೋಡಿಗೆ ಕೊಡಣಸು, ಮಂದಿ ಕೈಮುಗೀತಾರ. ಆದ್ರ ಕುಂಟಿ ಹೊಡಿಯಾಕ ಎರಡೂ ಬರೂದಿಲ್ಲ."

ಅದ್ಭುತ ತೀರ್ಮಾನ. ಎರೆ ಹೊಲಕ್ಕೆ ಕೃಷ್ಣಾ ತೀರದ ದೊಡ್ಡ ಮೈಯ ಎತ್ತು, ಹಾದಿಗೆ ಕಿಲಾರಿ ಎಂದು ತಿಳಿದು ಕಟ್ಟಿದವರ ಮೊಮ್ಮಗ ಹೀಗೆ ಹೇಳಿದ್ದು ಸಹಜ. ಇದನ್ನು ಹೇಳಿದ ಮೇಲೆ ಬೇರೆ ಯಾರಾದರೂ ಮನೆಗೆ ಬಂದು ಮಲಗುತ್ತಿದ್ದರು. ಕಾಕಾ ಎರಡೂ ಗಾಡಿಯ ಟೆಸ್ಟ್ ಡ್ರೈವ್ ಕೇಳಿದರು.

ಕುಸುಗಲ್ ದಾಟುವ ತನಕ ಎಲ್ಲ ಸುಸೂತ್ರ. ಹುಡುಗ ಹೆಮ್ಮೆಯಿಂದ, "ಸರ್, ಗಾಡಿ ಗೆರಿ ದಾಟಿದ್ರ ಸ್ಟೇರಿಂಗ್ ತಾನ ಎಳದು ಒಳಗ ತರತೈತಿ" ಎಂದ. ಕಾಕಾ ಹಳ್ಳಿ ರಸ್ತೆಗೆ ತಿರುಗಿಸಲು ಹೇಳಿದರು. ಅಲ್ಲಿ ಅರ್ಧ ರಸ್ತೆಗೆ ಹೆಸರು ಹಾಸಿದ್ದರು, ಗಾಡಿಗಳು ತುಳಿದು ಕಾಳು ಉದುರಲೆಂದು. ಉಳಿದರ್ಧದಲ್ಲಿ ಎಮ್ಮೆ.

"ಗೆರಿ ಎಲ್ಲೈತಿ ತಮ್ಮಾ?"

ಹುಡುಗ ಎಮ್ಮೆಯನ್ನು ನೋಡಿದ. ಕಾರೂ ಎಮ್ಮೆಯನ್ನು ನೋಡಿ ಟಿಣಿಟಿಣಿ ಬಡಿದುಕೊಳ್ಳತೊಡಗಿತು. ಎಮ್ಮೆ ಯಾರನ್ನೂ ನೋಡಲಿಲ್ಲ.

ಇಷ್ಟಾದ ಮೇಲೆ ಸಲಹೆಯ ಕಾಲ. ಬೆಂಗಳೂರಿನ ಮಗ ಫೋನಿನಲ್ಲಿ ಸ್ಪೋರ್ಟ್ ಎಂದ. ವರ್ಷಕ್ಕೆ ಎರಡು ಸಲ ಬರುವವನು, ಅವೆರಡು ಸಲ ತಾನೇ ಓಡಿಸುವವನು. ಕುಂದಗೋಳದ ಬೀಗರು ಲಕ್ಸುರಿ ಎಂದರು. ಹಿಂದಿನ ಸೀಟಿನಲ್ಲಿ ಕೂರುವವರು ಅವರು. ಸಾಲಿ ಮಾಸ್ತರರು ಎರಡರ ಬ್ರೋಷರನ್ನೂ ಗಟ್ಟಿಯಾಗಿ ಓದಿ, ಚಹಾ ಕುಡಿದು, ಮೌಲ್ಯಮಾಪನ ನಾಳೆ ಎಂದರು. ಮೂರು ವರ್ಷ ನಾಳೆಯಾಗಿಯೇ ಕಳೆಯಿತು. ನಡುವೆ 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾಗಿ, ಉದ್ದನೆಯ ಕಾರುಗಳಿಗೆ ಸೆಸ್ಸೂ ಕೂಡಿ 45, 50 ಇದ್ದದ್ದು 40ಕ್ಕೆ ಇಳಿಯಿತು. ಅಂದು ಸಂಜೆ ಕಾಕಾ ಬಾಕಿನ ಮೇಲೆ ಕೂತ ಭಂಗಿ ನೋಡಬೇಕಿತ್ತು. "ಅವಸರ ಮಾಡಿದವರು ಕೊಟ್ಟರು. ನಾ ಕುಂತಲ್ಲೇ ಕುಂತು ಗಳಿಸಿದೆ." ದಿಲ್ಲಿಯವರು ತಮಗೆ ಬೇಸತ್ತೇ ಇಳಿಸಿದರೆಂದು ಅವರ ನಂಬಿಕೆ.

ಇನ್ನು ಕಾಕೂರ ವಿಷಯ. ಮೂರು ವರ್ಷ ಅವರು ಮಾತಾಡಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ದೀಪಾವಳಿ ಹತ್ತಿರ ಬಂದಾಗ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಲೇ ಸುರು ಮಾಡಿದರು.

"ಲಕ್ಸುರಿದಾಗ ಸೀಟ ಯಾವ ಬಣ್ಣಾರಿ?"

"ಕೆನಿ ಬಣ್ಣ."

"ಎರಿ ಹೊಲದಾಗಿಂದ ಬಂದ ನಿಮ್ಮ ಕಾಲ ನೋಡ್ಕೊಂಡೀರೇನ್ರಿ? ತೊಳಿಯಾವ್ರು ಯಾರು?"

"ಮ್ಯಾಲ ನವಲಗುಂದದ ಜಮಖಾನ ಹಾಸೂಣ ತಗೋ."

"ಜಮಖಾನ ಹಾಸಿದ ಮ್ಯಾಲ ಸೀಟಿನಾಗಿನ ಗಾಳಿ ಎಲ್ಲಿಂದ ಬರತೈತ್ರಿ?"

ಕಾಕಾ ಸುಮ್ಮನಾದರು. ರೊಟ್ಟಿ ಹೊರಳಿತು.

"ಮ್ಯಾಲಿನ ಗಾಜ ತಗದ್ರ ಬಿಸಲು, ಧೂಳಿ. ಇಷ್ಟ ದಿನ ಅದರಾಗ ಅಡ್ಡಾಡಿದ್ದು ಸಾಲದೇನ್ರಿ? ಅದಕ್ಕಲ್ಲೇನ ಕಾರ ತಗೊಳ್ಳಾಕತ್ತಿದ್ದು? ಇನ್ನ ಸ್ಪೋರ್ಟ್. ಮೊಳಕಾಲ ನೋವು ಅಂತ ರಾತ್ರಿ ಎಣ್ಣಿ ಹಚ್ಚಸ್ಕೊಳ್ಳಾವ್ರು ಯಾರು?"

ಹೀಗೆ ಎಂಟು ರೊಟ್ಟಿ ಮುಗಿಯುವುದರೊಳಗೆ ಎರಡೂ ಪ್ಯಾಕು ಬಿಚ್ಚಿ ಬಯಲಾದವು. ಕಡೆಗೆ ಉಳಿದದ್ದು ಡೀಸೆಲ್ ಎಂಜಿನ್ನು, ಏಸಿ, ಆರು ಏರ್‌ಬ್ಯಾಗು, ಮಣ್ಣು ಕಾಣದ ಬೂದು ಸೀಟು. ಅದಕ್ಕೆ ಕಂಪನಿಯವರು ಮೊದಲೇ ಒಂದು ಹೆಸರಿಟ್ಟು ಮಾರುತ್ತಿದ್ದರು: ನಡುವಿನ ಮಾಡೆಲ್ಲು. ಸ್ಪೋರ್ಟಿಗೂ ಲಕ್ಸುರಿಗೂ ನಡುವೆ ಮೂರು ವರ್ಷ ಓಡಾಡಿದ ಕಾಕಾ ಅದರ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ.

ಪಾಡ್ಯದ ದಿನ ಗಾಡಿ ಬಂತು. ತೆಂಗಿನಕಾಯಿ, ಲಿಂಬೆಹಣ್ಣು, ಪೇಢೆ ಎಲ್ಲ ಆಯಿತು. ಎರಡನೆಯ ವಾರ ಕಾಕಾ ಒಬ್ಬರೇ ಹುಬ್ಬಳ್ಳಿಗೆ ಹೋಗಿ ಬಂದರು. ಗಾಲಿಯ ಸಂದಿಯಲ್ಲಿ ಕೆಂಪು ಕ್ಯಾಲಿಪರು ಕಾಣತೊಡಗಿದವು. ಪ್ಲಾಸ್ಟಿಕ್ಕಿನ ಟೊಪ್ಪಿಗೆ, ಅಂಗಡಿಯಲ್ಲಿ ಜೋಡಿಗೆ ಇಷ್ಟೆಂದು ಸಿಗುತ್ತದೆ. ಒಳಗೆ ನೀಲಿ ದೀಪದ ಪಟ್ಟಿ. ಅದೇ ವಾರ ಹಿಂಗಾರಿ ಮಳೆ ಬಿದ್ದು, ಹೊಲದ ದಾರಿಯ ಎರೆ ಮಣ್ಣು ನಾಲ್ಕೂ ಗಾಲಿಗೆ ಹಿಟ್ಟಿನ ಹಾಗೆ ಮೆತ್ತಿಕೊಂಡಿತು. ಕೆಂಪು ಹೋಯಿತು. ಈಗ ಕ್ಯಾಲಿಪರು ಇವೆ ಎಂಬುದನ್ನು ಕಾಕಾ ಬಾಯಿಂದಲೇ ಹೇಳಬೇಕು, ಹೇಳುತ್ತಾರೆ.

ಡಿಕ್ಕಿಯ ಮೇಲೂ ಒಂದು ಬದಲಾವಣೆ ಆಗಿದೆ. ಮೊದಲು ಅಲ್ಲಿ ಎರಡೇ ಅಕ್ಷರ ಇದ್ದವು.

ಬಾಕಿನ ಮೇಲಿನ ಜಾಗ ಅವರು ಬಿಟ್ಟಿಲ್ಲ. ಸುತ್ತ ಹತ್ತು ಊರಿನ ಕಾರು ವಿಚಾರ ಈಗ ಅವರ ಮುಂದೆಯೇ ತೀರ್ಮಾನವಾಗುತ್ತದೆ, ಅಂದರೆ ಆಗುವುದಿಲ್ಲ. ನಿಮ್ಮದೂ ಅಂಥದೇನಾದರೂ ಇದ್ದರೆ ಸಂಜೆ ಆರರ ಮೇಲೆ ಬನ್ನಿ, ಊಟ ಮುಗಿಸಿಕೊಂಡೇ ಬನ್ನಿ. ಸ್ಪೋರ್ಟ್ ಕೇಳಿ, ಲಕ್ಸುರಿ ಕೇಳಿ, ಎತ್ತಿನ ಹಲ್ಲು ಕೇಳಿ. ಡಿಕ್ಕಿಯ ಮೇಲಿನ ಮೂರನೆಯ ಅಕ್ಷರ ಎಲ್ಲಿಂದ ಬಂತೆಂದು ಮಾತ್ರ ಕೇಳಬೇಡಿ.