ಅಧೋಗೃಹ ಬೂಷ್ಟು ಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ: ನ್ಯೂಜಿಲೆಂಡಿನ ಹಲಗೆ ನೆಲದ ಕೆಳಗಿನ ತೇವ ಮತ್ತು ಬೂಷ್ಟು. ಪ್ರಯೋಜನ: ಮಕ್ಕಳ ಮೂಗು ಸೋರದಿರುವುದು. ಸಂಬಂಧ: ಮಾಲೀಕರಿಗೂ ಬಾಡಿಗೆದಾರರಿಗೂ ಇರುವಂಥದ್ದು, ಅದನ್ನು ವಿವರಿಸದಿರುವುದೇ ಲೇಸು. ಅಧಿಕಾರಿ ಯಾರೆಂದರೆ, ಆಕ್ಲೆಂಡಿನ ಜುಲೈ ಚಳಿಯಲ್ಲಿ ಕನ್ನಡ ಕೂಟದ ಕಾರ್ಯಕ್ರಮಕ್ಕೆಂದು ಮಂಚದಡಿಯ ಸೂಟ್‌ಕೇಸ್ ಎಳೆದು, ಮೈಸೂರು ರೇಷ್ಮೆಯ ಜರಿಯಂಚಿನ ಮೇಲೆ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ ಕಂಡು ‘ಅಯ್ಯೋ, ಅಮ್ಮ ಕೊಟ್ಟ ಸೀರೆ!’ ಎಂದವರು. ಉಳಿದವರಿಗೆ ಈ ಶಾಸ್ತ್ರಶ್ರವಣಕ್ಕೆ ಅರ್ಹತೆಯಿಲ್ಲ.

ಮೊದಲು ಕ್ಷೇತ್ರ ವರ್ಣನೆ. ಇಲ್ಲಿನ ಹಳೆಯ ಮನೆಗಳು ಗಿಡ್ಡ ಕಂಬಗಳ ಮೇಲೆ ನಿಂತಿವೆ. ಹಲಗೆಗೂ ಮಣ್ಣಿಗೂ ನಡುವೆ ಮೊಣಕಾಲೆತ್ತರದ ಕತ್ತಲೆ. ಅತಲ, ವಿತಲ, ಸುತಲಾದಿ ಏಳು ಲೋಕಗಳ ಪಟ್ಟಿಯಲ್ಲಿ ಪುರಾಣಕಾರರು ಇದನ್ನು ಬಿಟ್ಟಿದ್ದಾರೆ. ನಿವಾಸಿಗಳು ಜೇಡ, ಹಳೆಯ ಬಣ್ಣದ ಡಬ್ಬಿ, ಹೋಗಲೊಲ್ಲದ ಮಳೆನೀರು. ವೆಲ್ಲಿಂಗ್ಟನ್ನಿನ ಕಡಲಂಚಿನಲ್ಲಾದರೆ ಪುಟ್ಟ ನೀಲಿ ಪೆಂಗ್ವಿನ್ನುಗಳೂ ಉಂಟು. 2019ರ ಜುಲೈನಲ್ಲಿ ಎರಡು ಪೆಂಗ್ವಿನ್ನುಗಳು ಅಲ್ಲಿನ ರೈಲು ನಿಲ್ದಾಣದ ಬಳಿಯ ಸುಶಿ ಅಂಗಡಿಯಡಿ ಬಿಡಾರ ಹೂಡಿ, ಹಿಡಿದು ಕಡಲಿಗೆ ಬಿಟ್ಟರೂ ಮರಳಿ ಬಂದವು. ಬಾಡಿಗೆ ಮನೆಗಳ ಹೆಲ್ತಿ ಹೋಮ್ಸ್ ನಿಯಮಗಳು ಜಾರಿಗೆ ಬಂದದ್ದೂ ಅದೇ ತಿಂಗಳ 1ರಂದು. ಎರಡಕ್ಕೂ ಕಾರ್ಯಕಾರಣ ಸಂಬಂಧ ಉಂಟೋ ಎಂಬುದರಲ್ಲಿ ಪಂಡಿತರಿಗೆ ಭಿನ್ನಮತವಿರಲಿ, ನಾವು ತಟಸ್ಥರು.

ವಾಸ್ತುವಿನಲ್ಲಿ ದಕ್ಷಿಣ ಯಮನ ದಿಕ್ಕು. ಊರಿನಲ್ಲಿ ಇದನ್ನು ನಕ್ಕು ತಳ್ಳಿಹಾಕಿದವರು ಇಲ್ಲಿ ಬಂದು ಆಸ್ತಿಕರಾಗುತ್ತಾರೆ. ಇಲ್ಲಿ ಸೂರ್ಯ ಉತ್ತರಕ್ಕೆ ವಾಲಿಕೊಂಡೇ ಸಾಗುವುದರಿಂದ ದಕ್ಷಿಣದ ಕೋಣೆಗೆ ಚಳಿಗಾಲವಿಡೀ ಬಿಸಿಲಿಲ್ಲ. ಬೂಷ್ಟು ಮೊದಲು ಗೃಹಪ್ರವೇಶ ಮಾಡುವುದು ಅಲ್ಲೇ.

ಇನ್ನು ಪೂರ್ವಪಕ್ಷ. ಮಾಲೀಕರ ವಾದ ಹೀಗೆ: ‘ನೀವು ಹೊತ್ತುಹೊತ್ತಿಗೂ ಅದೇನೋ ಕುದಿಸ್ತಾನೇ ಇರ್ತೀರಿ, ಒದ್ದೆ ಬಟ್ಟೆ ಹಾಲ್‌ನಲ್ಲಿ ಹರವ್ತೀರಿ, ಕಿಟಕಿ ತೆಗೆಯಲ್ಲ. ಬೂಷ್ಟು ಬರದೆ ಇನ್ನೇನು ಬರುತ್ತೆ?’ ಇದಕ್ಕೆ ಒಗ್ಗರಣಾಕಾರಣವಾದ ಎಂದು ಹೆಸರು. ಒದ್ದೆ ಬಟ್ಟೆಯ ಮಟ್ಟಿಗೆ ತಪ್ಪೊಪ್ಪಿಗೆ ಇದೆ. ಆದರೆ ಇಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆ ಬ್ರಾನ್ಜ್‌ನ ಲೆಕ್ಕದಲ್ಲಿ ಒಂದು ಮನೆಯ ಅಡುಗೆಯ ಆವಿ ದಿನಕ್ಕೆ ಸುಮಾರು 3 ಲೀಟರ್. 100 ಚದರ ಮೀಟರ್ ಮನೆಯಡಿಯ ಬರಿಮಣ್ಣು ಬಿಡಬಹುದಾದ ತೇವ ದಿನಕ್ಕೆ 40 ಲೀಟರ್‌ವರೆಗೆ. ಕುಕ್ಕರ್ ಎಷ್ಟೇ ಕೂಗಲಿ, ಮಣ್ಣಿನೆದುರು ಅದು ಸಣ್ಣ ಆರೋಪಿ.

‘ಎಲ್ಲೆಲ್ಲಿ ಮುಗ್ಗಲು ವಾಸನೆಯೋ ಅಲ್ಲಲ್ಲಿ ತೇವ’ ಎಂಬ ಅನುಮಾನ ಪ್ರಮಾಣ ಸಾಲದೆನ್ನುವವರು ಹೊರಗೋಡೆಯ ಪುಟ್ಟ ಬಾಗಿಲು ತೆಗೆದು, ಮಾಸ್ಕ್ ಹಾಕಿ, ಹಣೆಗೆ ಟಾರ್ಚ್ ಕಟ್ಟಿ ಹೊಟ್ಟೆಯ ಮೇಲೆ ತೆವಳಬೇಕು. ಕೈಯಿಟ್ಟಲ್ಲಿ ಮಣ್ಣು ಅಂಟುತ್ತದೆ. ತೊಲೆಯ ತಳಕ್ಕೆ ಬಿಳಿ ಬೂಷ್ಟು ಮೆತ್ತಿರುತ್ತದೆ. ಸಿಂಕಿನ ಪೈಪು ಯಾರಿಗೂ ಹೇಳದೆ ತೊಟ್ಟಿಕ್ಕುತ್ತಿರುತ್ತದೆ. ಗಾಳಿಕಿಂಡಿಗಳೆಲ್ಲಿ ಎಂದು ನೋಡಿದರೆ, ಅವುಗಳ ಮುಂದೆ ಯಾರೋ ಅಕ್ಕರೆಯಿಂದ ಮಣ್ಣು ಏರಿಸಿ ಹೂಗಿಡ ಬೆಳೆಸಿದ್ದಾರೆ.

ಮೇಲೆ ಕಂಡ ಬೂಷ್ಟಿಗೆ ಬ್ಲೀಚ್ ಹಾಕಿ ಉಜ್ಜುವುದು ಕರ್ಮಕಾಂಡ. ಪ್ರತಿ ಚಳಿಗಾಲ ಅದಕ್ಕೆ ಪುನರ್ಜನ್ಮ. ಜ್ಞಾನಕಾಂಡ ನಿರಾಶೆಯಾಗುವಷ್ಟು ಸರಳ: ಪೈಪು ರಿಪೇರಿ ಮಾಡಿಸಿ, ಗಾಳಿಕಿಂಡಿ ಬಿಡಿಸಿ, ಮಣ್ಣಿನ ಮೇಲೆ 0.25 ಮಿ.ಮೀ. ದಪ್ಪದ ಪಾಲಿಥೀನ್ ಹಾಸಬೇಕು. ಮಣ್ಣಿಗೂ ಮನೆಗೂ ನಿತ್ಯಭೇದ ಸಾಧಿಸುವ ಈ ಹಾಳೆ ಅಪ್ಪಟ ದ್ವೈತಿ. ಉಡುಪಿ ಕಡೆಯವರು ಇದನ್ನು ಬೇಗ ಒಪ್ಪುತ್ತಾರೆಂದು ನಮ್ಮ ಊಹೆ.

ಫಲಶ್ರುತಿ: 2025ರ ಜುಲೈ 1ರಿಂದ ಎಲ್ಲ ಬಾಡಿಗೆ ಮನೆಗಳೂ ಹೆಲ್ತಿ ಹೋಮ್ಸ್ ನಿಯಮಗಳನ್ನು ಪಾಲಿಸಬೇಕು. ಸುತ್ತ ಮುಚ್ಚಿದ ತಳವಿದ್ದು, ಹಾಸಲು ಸಾಧ್ಯವಿರುವ ಕಡೆ ಹಾಳೆ ಕಡ್ಡಾಯ. ತಪ್ಪಿದರೆ ಟೆನನ್ಸಿ ಟ್ರಿಬ್ಯೂನಲ್ 7,200 ಡಾಲರ್‌ವರೆಗೆ ಮಾಲೀಕರಿಂದ ಕೊಡಿಸಬಹುದು. ಆದ್ದರಿಂದ ಮನೆ ನೋಡಲು ಹೋದಾಗ ದೇವರಮನೆಗೆ ಜಾಗ ಹುಡುಕುವ ಮೊದಲು ಕೆಳಗಿನ ಪುಟ್ಟ ಬಾಗಿಲು ತೆಗೆಸಿ ಟಾರ್ಚ್ ಬಿಡಿ. ಕರಾರಿನ ಜೊತೆಗಿರುವ ಹೆಲ್ತಿ ಹೋಮ್ಸ್ ಹೇಳಿಕೆಯನ್ನು ಓದಿಯೇ ಸಹಿ ಹಾಕಿ.