ಪುನರಾಗತನ ಬಿಡ್ಡಿಂಗ್ ಮೀಮಾಂಸೆ

ಬ್ರಿಜ್ ಶಾಸ್ತ್ರಕ್ಕೆ ಮಂಗಳಶ್ಲೋಕ ಬೇರೆ ಬೇಕಿಲ್ಲ. ಎಲೆ ಹಂಚಿದ ಮೇಲೆ ನಾಲ್ವರೂ ಒಬ್ಬರ ಹಿಂದೊಬ್ಬರು ‘ಪಾಸ್’ ಅಂದರೆ ಆಟವೇ ಇಲ್ಲ, ಆಟವಿಲ್ಲದಿದ್ದರೆ ಜಗಳವೂ ಇಲ್ಲ. ಇದಕ್ಕಿಂತ ದೊಡ್ಡ ಶಾಂತಿಮಂತ್ರ ಯಾವ ವೇದದಲ್ಲಿದೆ?

1. ಅನುಬಂಧ ಚತುಷ್ಟಯ

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನೂ ಮೊದಲೇ ಹೇಳಿಬಿಡುವುದು ಹಿರಿಯರ ಕ್ರಮ.

ಅಧಿಕಾರಿ ಯಾರು? ಹಾಸ್ಟೆಲಿನಲ್ಲೋ ಕ್ಲಬ್ಬಿನಲ್ಲೋ ಬ್ರಿಜ್ ಕಲಿತು, ಮದುವೆ, ವರ್ಗಾವಣೆ, ಮಕ್ಕಳ ಸಿಇಟಿ ಮುಂತಾದ ಪ್ರತಿಬಂಧಕಗಳಿಂದ ಆಟ ಬಿಟ್ಟು, ನಿವೃತ್ತಿಯ ಮರುದಿನವೇ ಆನ್‌ಲೈನ್ ಆಟಕ್ಕೆಂದು ಟ್ಯಾಬ್ ಹಿಡಿದು ಸೋಫಾದಲ್ಲಿ ಪ್ರತಿಷ್ಠಾಪಿತನಾದವನು. ಇವನನ್ನು ಶಾಸ್ತ್ರದಲ್ಲಿ ‘ಪುನರಾಗತ’ ಎನ್ನುತ್ತೇವೆ. ವಯಸ್ಸಾಯಿತೆಂದು ಮನೆಯವರು ಮೂಗು ಮುರಿದರೆ ಆಪ್ತವಾಕ್ಯವೊಂದು ಸಿದ್ಧವಾಗಿದೆ: 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಬ್ರಿಜ್‌ನಲ್ಲಿ ಭಾರತಕ್ಕೆ ಚಿನ್ನ ತಂದ ಪ್ರಣಬ್ ಬರ್ಧನ್ ಅವರಿಗೆ ಆಗ 60 ವರ್ಷ, ಜೊತೆಗಾರ ಶಿಬ್‌ನಾಥ್ ಸರ್ಕಾರ್ ಅವರಿಗೆ 56. ವಿಷಯ: ಬಿಡ್ಡಿಂಗ್, ಅಂದರೆ ಎಲೆ ಹಾಕುವ ಮುನ್ನ ಎಷ್ಟು ಟ್ರಿಕ್ ಗೆಲ್ಲುತ್ತೇವೆಂದು ಸರದಿಯಂತೆ ಕೂಗುವುದು. ಸಂಬಂಧ: ಪಾರ್ಟ್ನರ್ ಲಾಗೌಟ್ ಆಗುವವರೆಗೆ ಇರುವಂಥದ್ದು. ಪ್ರಯೋಜನ: ಮನೆಯ ಉಳಿದವರಿಗೆ ಮಧ್ಯಾಹ್ನ ಎರಡು ತಾಸು ನೆಮ್ಮದಿ.

ಇನ್ನು ಪರಂಪರೆ. ಈಗಿನ ಕಾಂಟ್ರಾಕ್ಟ್ ಬ್ರಿಜ್ಜಿನ ಅಂಕಗಳ ಲೆಕ್ಕವನ್ನು ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಪನಾಮಾ ಕಾಲುವೆಯ ಮಾರ್ಗವಾಗಿ ಹೊರಟಿದ್ದ ಹಡಗಿನಲ್ಲಿ ಆಡಿ ನೋಡಿದರು. ಸಮುದ್ರಯಾನದಲ್ಲಿ ಹುಟ್ಟಿದ ಶಾಸ್ತ್ರಕ್ಕೆ ಪ್ರಾಯಶ್ಚಿತ್ತ ಬೇಡವೇ ಎಂದು ಕೆಲವರು ಕೇಳಬಹುದು. ಕಡಲು ದಾಟಿದವರು ಅವರು, ನಾವು ಹೊಸ್ತಿಲನ್ನೂ ದಾಟಿಲ್ಲ, ಆದ್ದರಿಂದ ಬೇಡ.

2. ಶಬ್ದದಾರಿದ್ರ್ಯ ಪ್ರಕರಣ

52 ಎಲೆಗಳಲ್ಲಿ ಒಬ್ಬನ ಪಾಲಿಗೆ 13. ಹೀಗೆ ಬರಬಹುದಾದ ಬೇರೆ ಬೇರೆ ಕೈಗಳು 63,501 ಕೋಟಿಗೂ ಮಿಕ್ಕಿವೆ. ಅವನ್ನೆಲ್ಲ ಎದುರು ಕೂತವನಿಗೆ ತಿಳಿಸಲು ಇರುವುದು ಒಂದು ಕ್ಲಬ್‌ನಿಂದ ಏಳು ನೋ ಟ್ರಂಪ್‌ವರೆಗೆ 35 ಬಿಡ್, ಜೊತೆಗೆ ಪಾಸ್, ಡಬಲ್, ರೀಡಬಲ್. ಒಟ್ಟು 38 ಮಾತು. ಇಷ್ಟೇ ಬಂಡವಾಳ ಕೊಟ್ಟು ಮಹಾಕಾವ್ಯ ಬರೆಯೆಂದಿದ್ದರೆ ಪಂಪನೂ ‘ಮೂರು ನೋ ಟ್ರಂಪ್’ ಅಂದು ಎದ್ದು ಹೋಗುತ್ತಿದ್ದ.

ಪುನರಾಗತನ ಸಂಕಟ ಇನ್ನೂ ಸೂಕ್ಷ್ಮ. ಮಾತು ಅವೇ ಇವೆ, ಅರ್ಥ ಪಲ್ಲಟವಾಗಿದೆ. ಹಳೆಯ ಏಕಾಲ್ ಪದ್ಧತಿಯಲ್ಲಿ ‘ಎರಡು ಹಾರ್ಟ್ಸ್’ ಎಂದು ಆರಂಭಿಸಿದವನ ಕೈ ಭರ್ತಿ ಎಂದರ್ಥ; ಇಂದು ಹಾಗೆನ್ನುವವನ ಕೈಯಲ್ಲಿ ಆರು ಹಾರ್ಟ್ಸ್ ಮತ್ತು ಅಪಾರ ಧೈರ್ಯ ಬಿಟ್ಟರೆ ಹೆಚ್ಚಿನದೇನೂ ಇರುವುದಿಲ್ಲ. ‘ಡಬಲ್’ ವಿಷಯವಂತೂ ಕೇಳಲೇಬೇಡಿ. ಎದುರಾಳಿಗೆ ದಂಡ ಹಾಕುವ ಡಬಲ್, ‘ನಿನ್ನ ಸೂಟ್ ಹೇಳು’ ಎನ್ನುವ ಟೇಕೌಟ್ ಡಬಲ್, 1957ರಲ್ಲಿ ಆಲ್ವಿನ್ ರಾತ್ ಮತ್ತು ಟೋಬಿಯಸ್ ಸ್ಟೋನ್ ತಂದ, ಆ ವರ್ಷದ ಉಪಗ್ರಹದ ಹೆಸರನ್ನೇ ಹೊತ್ತ ಸ್ಪುಟ್ನಿಕ್ ಡಬಲ್! ಅಮರಕೋಶದ ‘ಹರಿ’ ಶಬ್ದಕ್ಕೆ ಸಿಂಹ, ಕಪಿ, ಕಪ್ಪೆ ಎಂದೆಲ್ಲ ಅರ್ಥವಿದ್ದರೂ ಸಂದರ್ಭ ನೋಡಿ ತಿಳಿಯಬಹುದು. ಡಬಲ್ಲಿನಲ್ಲಿ ಸಿಂಹವೋ ಕಪ್ಪೆಯೋ ಎಂಬುದು ಆಟ ಮುಗಿದ ಮೇಲಷ್ಟೇ ತಿಳಿಯುತ್ತದೆ.

3. ದೃಷ್ಟಾಂತ

ನಿಮ್ಮ ಕೈ ಹೀಗಿದೆ ಎನ್ನೋಣ. ಸ್ಪೇಡ್ಸ್: ಎಕ್ಕ, ಗುಲಾಮ, 6, 3. ಹಾರ್ಟ್ಸ್: ರಾಜ, 5. ಡೈಮಂಡ್ಸ್: ಎಕ್ಕ, ರಾಣಿ, 8, 4. ಕ್ಲಬ್ಸ್: ರಾಜ, 9, 2. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1ರಂತೆ 17 ಪಾಯಿಂಟ್. ಒಂದು ನೋ ಟ್ರಂಪ್ ಎನ್ನೋಣವೆಂದು ಬೆರಳು ಎತ್ತುವಷ್ಟರಲ್ಲಿ ಬಲಗಡೆಯವನು ಮೂರು ಹಾರ್ಟ್ಸ್ ಎಂದು ಬಾಗಿಲು ಹಾಕಿಬಿಟ್ಟ. ಇಲ್ಲಿ ನಾಲ್ಕು ದರ್ಶನಗಳು ಹುಟ್ಟುತ್ತವೆ.

ಪಾಸ್‌ವಾದಿಗಳು: ಮೌನಂ ಸರ್ವಾರ್ಥಸಾಧನಂ. ಇವರು ಸೋತದ್ದು ಸ್ಕೋರ್‌ನಲ್ಲಿ ಕಾಣುತ್ತದೆ, ತಪ್ಪು ಮಾಡಿದ್ದು ಕಾಣುವುದಿಲ್ಲ.

ಸ್ಪೇಡ್‌ವಾದಿಗಳು: ನಾಲ್ಕೇ ಎಲೆಯಿದ್ದರೂ ಮೂರು ಸ್ಪೇಡ್ಸ್ ಎನ್ನುತ್ತಾರೆ. ಐದನೆಯದು ಪ್ರಾರಬ್ಧ ಕರ್ಮದಿಂದ ಬರುತ್ತದೆಂಬ ನಂಬಿಕೆ.

ಡಬಲ್‌ವಾದಿಗಳು: ನಾಲ್ಕು ಸ್ಪೇಡ್ಸ್ ಇದೆ, ಉಳಿದೆರಡು ಸೂಟಿಗೂ ಆಸರೆಯಿದೆ, ಟೇಕೌಟ್ ಡಬಲ್ಲೇ ಶಾಸ್ತ್ರೋಕ್ತ.

ನೋ ಟ್ರಂಪ್‌ವಾದಿಗಳು: ಮೂರು ನೋ ಟ್ರಂಪ್. ಹಾರ್ಟ್ಸ್ ಹಿಡಿದವನ ನಂತರ ಎಲೆ ಹಾಕುವವರು ನಾವು. ಎಡಗಡೆಯಿಂದ ಹಾರ್ಟ್ಸ್ ಬಂದರೂ ರಾಜ ಒಂದು ಟ್ರಿಕ್ ತಾರದೆ ಹೋಗುವುದಿಲ್ಲ. ಇನ್ನೆಂಟಕ್ಕೆ ಪಾರ್ಟ್ನರ್ ಇದ್ದಾನೆ, ದೇವರಿದ್ದಾನೆ.

4. ಪ್ರಮಾಣ ವಿಚಾರ

ಹಿಂದೆ ಮೇಜಿನ ಸುತ್ತ ಕೂತಾಗ ಪ್ರತ್ಯಕ್ಷ ಪ್ರಮಾಣವಿತ್ತು. ಪಾರ್ಟ್ನರ್ ಹುಬ್ಬು ಗಂಟಿಕ್ಕಿದನೇ, ಕೆಮ್ಮಿದನೇ, ಎಲೆಗಳನ್ನು ಮೂರನೇ ಸಲ ಜೋಡಿಸಿಕೊಂಡನೇ ಎಂಬುದೆಲ್ಲ ಕಾಣುತ್ತಿತ್ತು. ಅದನ್ನು ಕಂಡು ಲಾಭ ಪಡೆಯಬಾರದೆಂದು ಬ್ರಿಜ್ ಕಾನೂನಿನ 16ನೇ ನಿಯಮ ವಿಧಿಸಿದೆ. ಕಣ್ಣು ಮುಚ್ಚಿಕೊಳ್ಳಬೇಕೆಂದು ವಿಧಿಸಿಲ್ಲ.

ಆನ್‌ಲೈನಿನಲ್ಲಿ ಉಳಿದದ್ದು ಅನುಮಾನ ಮಾತ್ರ. ಪಾರ್ಟ್ನರ್ ಬಿಡ್ ಹೇಳದೆ ತಡೆದ. ಹೊಗೆಯಿದ್ದಲ್ಲಿ ಬೆಂಕಿಯೆಂಬ ನ್ಯಾಯದಂತೆ ಕೈ ಬಲವಾಗಿದೆಯೆಂದು ಊಹಿಸಬಹುದು. ಆದರೆ ಹೇತ್ವಾಭಾಸಗಳೂ ಉಂಟು: ಕುಕ್ಕರ್ ನಾಲ್ಕನೇ ಸೀಟಿ ಹಾಕಿರಬಹುದು, ಕೊರಿಯರ್‌ನವನು ಬಂದಿರಬಹುದು, ಕರೆಂಟ್ ಹೋಗಿರಬಹುದು. ಬಿಡ್ಡಿಗೆ ವಿಶೇಷಾರ್ಥವಿದ್ದರೆ ಇಲ್ಲಿ ಹೇಳಿದವನೇ ಅಲರ್ಟ್ ಮಾಡಬೇಕು. ಆ ವಿವರಣೆ ಎದುರಾಳಿಗಳಿಗೆ ಕಾಣುತ್ತದೆ, ಪಾರ್ಟ್ನರ್‌ಗೆ ಕಾಣುವುದಿಲ್ಲ. ನಮ್ಮ ಮನದಿಂಗಿತ ಶತ್ರುಗಳಿಗೆಲ್ಲ ಗೊತ್ತು, ಮಿತ್ರನೊಬ್ಬನಿಗೆ ಗೊತ್ತಿಲ್ಲ ಎಂಬ ಈ ಸ್ಥಿತಿ ಸಂಸಾರಿಗಳಿಗೆ ಹೊಸದಲ್ಲ.

ಮುಖಾಮುಖಿಯೇ ಮೇಲಿತ್ತೆಂದು ಹಲುಬುವವರು 1929ರ ಕಾನ್ಸಾಸ್ ಸಿಟಿಯನ್ನು ನೆನೆಯಬೇಕು. ಜಾನ್ ಬೆನೆಟ್ ಎಂಬಾತ ನಾಲ್ಕು ಸ್ಪೇಡ್ಸ್ ಆಡಿ ಸೋತ. ಎದುರು ಕೂತ ಪಾರ್ಟ್ನರ್ ಹೆಂಡತಿ ಮರ್ಟಲ್. ಮಾತಿಗೆ ಮಾತು ಬೆಳೆಯಿತು, ಅವನು ಕೆನ್ನೆಗೆ ಹೊಡೆದ, ಅವಳು ಪಿಸ್ತೂಲು ತಂದು ಗುಂಡು ಹಾರಿಸಿದಳು. 1931ರಲ್ಲಿ ನ್ಯಾಯಾಲಯ ಆಕೆಯನ್ನು ಖುಲಾಸೆ ಮಾಡಿತು. ವೈ-ಫೈ ಮೂಲಕ ಗುಂಡು ಹಾರಿಸುವ ವಿದ್ಯೆ ಇನ್ನೂ ಸಿದ್ಧಿಸಿಲ್ಲವೆಂಬುದು ಆನ್‌ಲೈನ್ ಪಕ್ಷದ ಪ್ರಬಲ ಯುಕ್ತಿ.

5. ಸಿದ್ಧಾಂತ

ನಾಲ್ಕೂ ದರ್ಶನಗಳ ದೋಷ ಒಂದೇ. ಎಲ್ಲರೂ ನೋಡುವುದು ಕಾಣುವ 13 ಎಲೆಗಳನ್ನು. ನೋಡಬೇಕಾದದ್ದು ಕಾಣದಿರುವ ಪಾರ್ಟ್ನರ್‌ನನ್ನು. ಎಲೆಗೆ ತಕ್ಕ ಬಿಡ್ ಹುಡುಕುವವನು ಪಂಡಿತ, ಕೇಳುವವನಿಗೆ ತಕ್ಕ ಬಿಡ್ ಹುಡುಕುವವನು ಆಟಗಾರ. ವರ್ಷಗಟ್ಟಲೆ ಜೊತೆಗೆ ಆಡಿದವನು ಎದುರಿದ್ದರೆ ಡಬಲ್ ಉತ್ತಮ. ಈಗಷ್ಟೇ ಮೇಜಿಗೆ ಬಂದ, ಊರು ಕೇರಿ ಗೊತ್ತಿಲ್ಲದ ಪಾರ್ಟ್ನರ್ ಅದನ್ನು ದಂಡದ ಡಬಲ್ಲೆಂದು ಬಗೆದು ಪಾಸ್ ಅನ್ನಬಹುದು. ಎದುರಾಳಿ ನಗುತ್ತಾ ಒಂಬತ್ತು ಟ್ರಿಕ್ ಎತ್ತಿಕೊಂಡು ಹೋಗಬಹುದು. ಮೂರು ನೋ ಟ್ರಂಪ್‌ಗಾದರೋ ಟೋಕಿಯೋದಿಂದ ತುಮಕೂರಿನವರೆಗೆ ಅರ್ಥ ಒಂದೇ: ‘ಒಂಬತ್ತು ಟ್ರಿಕ್ ನಾನು ಹುಡುಕಿಕೊಳ್ಳುತ್ತೇನೆ, ನೀನು ಸುಮ್ಮನಿರು.’ ಸಮಂಜಸವಾದ ಬಿಡ್‌ಗಳಲ್ಲಿ ಮೂರು ನೋ ಟ್ರಂಪ್ ಒಂದಾಗಿದ್ದರೆ ಅದನ್ನೇ ಹೇಳಬೇಕೆಂಬ, ಬ್ರಿಜ್ ಆಟಗಾರ ಬಾಬ್ ಹ್ಯಾಮನ್ ಹೆಸರಿನಲ್ಲಿ ನಡೆದುಬಂದ ಸೂತ್ರದ ತಾತ್ಪರ್ಯವೂ ನಮ್ಮ ಮತದಲ್ಲಿ ಇದೇ.

ಫಲಶ್ರುತಿ

ಈ ಮೀಮಾಂಸೆಯನ್ನು ನಿತ್ಯ ಪಠಿಸುವ ಪುನರಾಗತನಿಗೆ ಸ್ಲ್ಯಾಮ್ ಸಿಗುತ್ತದೆಂಬ ಭರವಸೆಯಿಲ್ಲ. ಆದರೆ ಪಾರ್ಟ್ನರ್ ನಡುವೆಯೇ ಎದ್ದು ಹೋಗುವ ಉಪದ್ರವ ಕಡಿಮೆಯಾಗುತ್ತದೆ. ಹೋದರೂ ಆ ಜಾಗಕ್ಕೆ ರೋಬಾಟ್ ಬಂದು ಕೂರುತ್ತದೆ. ಅದರ ಬಿಡ್ಡಿನ ಮೇಲೆ ಬೆರಳು ಇಟ್ಟರೆ ಇಷ್ಟು ಪಾಯಿಂಟ್, ಇಷ್ಟು ಎಲೆ ಎಂದು ಅರ್ಥ ಹೇಳುತ್ತದೆ. ಹಿಂದಿನ ಕೈಯಲ್ಲಿ ನೀವು ಏನು ಹೇಳಿದಿರೆಂದು ಮಾತೆತ್ತುವುದಿಲ್ಲ. ಈ ಶಾಸ್ತ್ರದಲ್ಲಿ ಮೋಕ್ಷವೆಂದರೆ ಇದೇ.