ಹಮ್ಮಿಂಗ್ ಬರ್ಡ್ ಮೇಷ್ಟ್ರು

ಮುಕ್ಕುಂದದಲ್ಲಿ ನಿವೃತ್ತ ಮೇಷ್ಟ್ರಿಗೆ ಎರಡೇ ದಾರಿ: ಕಟ್ಟೆ ಮೇಲೆ ಕೂತು ಭತ್ತದ ರೇಟು ಮಾತಾಡುವುದು, ಇಲ್ಲವೇ ಯೂಟ್ಯೂಬ್ ನೋಡುವುದು. ನಮ್ಮ ಮೇಷ್ಟ್ರು ಎರಡನೆಯದಕ್ಕೆ ಬಿದ್ದರು. ಒಂದು ಮಧ್ಯಾಹ್ನ ಅದರಲ್ಲಿ ಹಮ್ಮಿಂಗ್ ಬರ್ಡ್ ಕಂಡಿತು. ಸೆಕೆಂಡಿಗೆ 50 ಸಲ ರೆಕ್ಕೆ ಬಡಿಯುತ್ತದೆ, ಹಿಂದಕ್ಕೂ ಹಾರುತ್ತದೆ! ಅದನ್ನು ಮನೆಗೆ ಕರೆಸಲು ಹೂದೋಟ ಬೇಕಲ್ಲ, ಮರುದಿನವೇ ಅಂಗಳದ ನುಗ್ಗೆ ಗಿಡಕ್ಕೆ ಕೊಡಲಿ ಬಿತ್ತು.

ಸಿಂಧನೂರಿನ ನರ್ಸರಿಯಿಂದ ಹ್ಯಾಮೀಲಿಯಾ, ಟೆಕೋಮಾ, ಕೆಂಪು ದಾಸವಾಳ ಬಂದವು. ಆಯ್ಕೆ ತಪ್ಪೇನಲ್ಲ. ಮೊದಲೆರಡೂ ಅಮೆರಿಕ ಖಂಡದ ಗಿಡಗಳೇ, ಬಿಸಿಲಿದ್ದರೆ ತಿಂಗಳುಗಟ್ಟಲೆ ಹೂ ಬಿಡುವಂಥವು. ಆದರೆ ಎರೆಮಣ್ಣಿನಲ್ಲಿ ನೀರು ನಿಂತು ಮೊದಲ ಸಾಲು ಬೇರು ಕೊಳೆತು ಸತ್ತಿತು. ಎರಡನೇ ಸಲ ಮರಳು, ತಿಪ್ಪೆಗೊಬ್ಬರ ಬೆರೆಸಿದ ಮೇಲೆ ಗಿಡ ನಿಂತವು.

ದಾಸವಾಳ ಅರಳಿತು, ಮನೆಯಲ್ಲಿ ಜಗಳವೂ ಅರಳಿತು. ದೇವರಿಗೆ ಹೂ ಹರಿಯುವಂತಿಲ್ಲ, ಹಕ್ಕಿಗೆ ಬೇಕು! ಸಾಲದ್ದಕ್ಕೆ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿ ಬಾಟಲಿ ತೂಗುಹಾಕಿದರು. ಬಂದವು ಇರುವೆಗಳು.

"ಹಕ್ಕಿಗೆ ಸಕ್ಕರಿ ನೀರು, ಮನಿಗೆ ಬಂದೋರಿಗೆ ಬರೇ ನೀರು," ಎಂದರು ಮೇಷ್ಟ್ರ ಮನೆಯವರು.

ಒಂದು ಸಂಜೆ ಗಾಳಿಯಲ್ಲೇ ನಿಂತು ಹೂ ಹೀರುವ ಪ್ರಾಣಿ ಕಂಡು ಮೇಷ್ಟ್ರು ಕೂಗಿಕೊಂಡರು. ಮೊಮ್ಮಗ ಬ್ಯಾಟರಿ ಬಿಟ್ಟು ನೋಡಿದ. ಮೀಸೆಯಿತ್ತು, ಆರು ಕಾಲಿದ್ದವು. ಪತಂಗ!

ಕೊನೆಗೂ ಹಕ್ಕಿ ಬಂತು. ಮಿರಿಮಿರಿ ಕಪ್ಪು ಮೈ, ಬಿಸಿಲಿಗೆ ನೇರಳೆ ಹೊಳಪು, ಬಾಗಿದ ಕೊಕ್ಕು. ಟೊಂಗೆಯ ಮೇಲೆ ಕೂತು, ದಾಸವಾಳದ ಬುಡಕ್ಕೇ ತೂತು ಕೊರೆದು ಮಕರಂದ ಕದ್ದಿತು. ವಾಟ್ಸಾಪಿಗೆ ವಿಡಿಯೋ ಹೋಯಿತು. "ಇದು ಸೂರಕ್ಕಿ ಸರ್, ಹಮ್ಮಿಂಗ್ ಬರ್ಡ್ ಅಮೆರಿಕ ಖಂಡ ಬಿಟ್ಟು ಎಲ್ಲೂ ಇಲ್ಲ," ಎಂದು ಹಳೇ ಶಿಷ್ಯನೊಬ್ಬ ಬರೆದ. ಏಳನೇ ಇಯತ್ತೆಯಲ್ಲಿ ಅವನಿಗೆ ವಿಜ್ಞಾನ ಕಲಿಸಿದವರು ಇವರೇ.

"ಇದು ನಮ್ಮ ಕಡೀ ಹಮ್ಮಿಂಗ್ ಬರ್ಡಪಾ," ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಸೂರಕ್ಕಿಗೆ ಹೆಸರಿನ ಗೊಡವೆಯಿಲ್ಲ. ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗೇ ಜೇಡರ ಬಲೆ, ನಾರು ಸೇರಿಸಿ ಚೀಲದಂಥ ಗೂಡು ನೇಯತೊಡಗಿತು. ದುಡಿಯುತ್ತಿದ್ದದ್ದು ಹೆಣ್ಣೊಂದೇ. ಗಂಡು ಟೆಕೋಮಾ ತುದಿಯಲ್ಲಿ ಕೂತು ಚಿಲಿಪಿಲಿ ಅನ್ನುತ್ತಿತ್ತು.

"ಥೇಟ್ ನಿಮ್ಮಂಗ ಐತಿ ನೋಡ್ರಿ," ಎಂದರು ಮನೆಯವರು, ಒದ್ದೆ ಸೀರೆ ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಯ ತಂತಿ ಕಡೆ ನಡೆಯುತ್ತ.